ಹಿಡಿಕೆ ಇಲ್ಲದ ಪೆಟ್ಟಿಗೆ

ಜೂನ್ 4

ಮಗುವಿನ ತಂದೆಯವರಿಗೆ,

ನಿಮ್ಮನ್ನು ಏನೆಂದು ಕರೆದು ಬರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಅಳಿಯಂದಿರೇ ಎನ್ನುವ ಕಾಲ ಮುಗಿಯಿತು. ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ. ಆದ್ದರಿಂದ ಹೀಗೆ.

ನಿಮ್ಮ ಪಾರ್ಸೆಲ್ ಬಂತು. ಚೋಟು ಶಾಲೆಗೆ ಹೋಗಿದ್ದಳು, ನಾನೇ ಬಿಚ್ಚಿದೆ. ಅವಳ ಹೆಸರಿಗೆ ಬಂದದ್ದನ್ನು ಯಾಕೆ ಬಿಚ್ಚಿದಿರಿ ಎಂದು ಕೇಳಬೇಡಿ. ನಿಮ್ಮ ಕಡೆಯಿಂದ ಬರುವುದೆಲ್ಲ ಮೊದಲು ನನ್ನ ಕೈಗೆ ಬರಬೇಕು ಎಂದು ನೀವೇ ಒಪ್ಪಿದ್ದೀರಿ. ಫೋನಿಲ್ಲ ಗೀನಿಲ್ಲ, ಏನಿದ್ದರೂ ಕಾಗದ, ಅದೂ ನನ್ನ ಕೈ ದಾಟಿ. ಮಗುವನ್ನು ಸಂಜೆಗೆ ತಂದುಬಿಡುತ್ತೇನೆ ಎಂದು ಕರೆದುಕೊಂಡು ಹೋಗಿ ಮರುದಿನ ಮಧ್ಯಾಹ್ನ ಬಂದಿರಲ್ಲ, ಅವತ್ತಿನಿಂದ ಈ ಕಟ್ಟಳೆ. ಬಸ್ಸು ಕೆಟ್ಟಿತ್ತು ಎಂದಿರಿ. ಇರಬಹುದು. ಬಸ್ಸುಗಳು ಕೆಡುತ್ತವೆ.

ಡಬ್ಬಿಯೊಳಗೆ ಒಂದು ಕಪ್ಪು ಹಲಗೆ. ಮೇಲೆಲ್ಲ ಊರಿನ ನಕ್ಷೆಯಂತೆ ಗೆರೆಗಳು, ಸಣ್ಣ ಸಣ್ಣ ಕಟ್ಟಡಗಳು. ಬಾಂಬೋ ಏನೋ ಎಂದು ಪಕ್ಕಕ್ಕಿಟ್ಟೆ. ಚೋಟು ಬಂದು ನೋಡಿದವಳೇ ಚೀಲ ಎಸೆದು ಕುಣಿದಳು.

"ಅಜ್ಜ, ಮದರ್‌ಬೋರ್ಡ್! ಮಿಕ್ಕಿದ್ದೆಲ್ಲ ಇದರ ಮೇಲೇ ಕೂರೋದು. ಅಪ್ಪ ಒಂದೊಂದೇ ಕಳಿಸ್ತಾರೆ, ನಾನೇ ಜೋಡಿಸೋದು."

"ಆಟ ಆಡೋಕೆ ಇಷ್ಟೆಲ್ಲ ಬೇಕಾ?"

"ನಿನ್ನ ಇಸ್ಪೀಟಿಗೆ ನಾಲ್ಕು ಜನ ಬೇಕು. ನನ್ನ ಆಟಕ್ಕೆ ಯಂತ್ರ ಬೇಕು. ಯಂತ್ರ ಜಗಳ ಆಡಲ್ಲ ನೋಡು."

ಈಗ ನೇರವಾಗಿ ಕೇಳುತ್ತೇನೆ. ನವೆಂಬರಿನಲ್ಲಿ ಅವಳಿಗೆ ಹದಿನೈದು ತುಂಬುತ್ತದೆ. ಕೋರ್ಟಿನ ಆ ಹೆಂಗಸು ಅವಳೊಬ್ಬಳನ್ನೇ ಒಳಗೆ ಕರೆದು, ಇನ್ನು ಮೇಲೆ ಯಾರ ಹತ್ತಿರ ಇರುತ್ತೀಯಮ್ಮ ಎಂದು ಕೇಳುತ್ತಾಳೆ. ಅವಳು ಹೇಳಿದ್ದೇ ಆಗುತ್ತದೆ. ಇಷ್ಟು ವರ್ಷ ಪೆನ್ನು, ಬಣ್ಣದ ಡಬ್ಬಿ ಕಳಿಸುತ್ತಿದ್ದವರಿಗೆ ಸರಿಯಾಗಿ ಈ ವರ್ಷವೇ ಕಂಪ್ಯೂಟರು ಹೊಳೆಯಿತೇ? ಗಾಳಕ್ಕೆ ಎರೆ ಸಿಕ್ಕಿಸುವುದನ್ನು ನಾನೂ ನೋಡಿದ್ದೇನೆ.

ಉತ್ತರ ಬರೆಯಿರಿ. ಸುತ್ತಿ ಬಳಸಿ ಬೇಡ.

ಮಗುವಿನ ತಾಯಿಯ ತಂದೆ


ಜೂನ್ 15

ಮಾವನವರಿಗೆ ನಮಸ್ಕಾರ.

ಕಂಪ್ಯೂಟರು ನನ್ನ ಯೋಚನೆಯಲ್ಲ. ಹೋದ ಸಲದ ಕಾಗದದಲ್ಲಿ ಚೋಟುವೇ ಕೇಳಿದ್ದಳು. ಆ ಕಾಗದವೂ ನಿಮ್ಮ ಕೈ ದಾಟಿಯೇ ಬಂದಿದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಬೇಡ, ನಾನೇ ಜೋಡಿಸಬೇಕು ಎಂದು ಬರೆದಿದ್ದಳು. ಯಾರ ಮೊಮ್ಮಗಳು ಎಂದು ನಾನು ಆಶ್ಚರ್ಯಪಡಲಿಲ್ಲ.

ಬಿಡಿ ಭಾಗಗಳನ್ನು ಒಟ್ಟಿಗೆ ಕಳಿಸದೆ ಒಂದೊಂದಾಗಿ ಕಳಿಸುವುದಕ್ಕೆ ಕಾರಣವಿದೆ. ಈ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಒಂದು ಪೀಠವಿದೆ. ಆ ಪೀಠಕ್ಕೆ ಒಂದೇ ಮನೆತನದ ಪ್ರೊಸೆಸರ್‌ಗಳು ಕೂರುತ್ತವೆ, ಬೇರೆಯದನ್ನು ಒತ್ತಿದರೆ ಎರಡೂ ಹಾಳು. ಮೆಮೊರಿಯೂ ಹಾಗೆಯೇ, ಹಳೆಯ ಜಾತಿಯದು ಹೊಸ ಬೋರ್ಡಿಗೆ ಇಳಿಯುವುದೇ ಇಲ್ಲ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಹಸಿವಿನದು. ಅದಕ್ಕೆ ತಕ್ಕ ಕರೆಂಟಿನ ಡಬ್ಬಿ ಬೇಕು. ಒಂದನ್ನು ಆರಿಸಿದ ಮೇಲೇ ಇನ್ನೊಂದು. ಇಲ್ಲಿ ಕೋಲ್ಡ್ ಸ್ಟೋರೇಜಿನಲ್ಲಿ ನಾನು ನೋಡಿಕೊಳ್ಳುವ ಯಂತ್ರಗಳೂ ಹೀಗೇ. ಕಂಪ್ರೆಸರ್ ಒಂದು ಅಳತೆ, ಪೈಪು ಒಂದು ಅಳತೆ ಆದರೆ ಇಡೀ ಗೋದಾಮಿನ ಹಣ್ಣು ಕೊಳೆಯುತ್ತದೆ.

ಮುಂದಿನದನ್ನು ಆರಿಸಲು ಕೆಲವು ವಿಷಯ ಬೇಕಿತ್ತು. ಅವಳ ಕೋಣೆ ಎಷ್ಟು ದೊಡ್ಡದು? ಪ್ಲಗ್ಗಿಗೆ ಅರ್ತ್ ಇದೆಯೇ? ಮೇಜು ಗೋಡೆಗೆ ಎಷ್ಟು ಹತ್ತಿರ? ಮಧ್ಯಾಹ್ನ ಸೆಕೆ ಹೆಚ್ಚೇ? ಕಿಟಕಿ ಯಾವ ಕಡೆಗಿದೆ?

ನಿಮ್ಮ ಆರೋಗ್ಯ ಚೆನ್ನಾಗಿದೆ ಎಂದುಕೊಳ್ಳುತ್ತೇನೆ.


ಜೂನ್ 23

ಮಗುವಿನ ತಂದೆಯವರಿಗೆ,

ಮೊದಲನೆಯದಾಗಿ, ಮಾವ ಎಂದು ಬರೆಯಬೇಡಿ.

ಎರಡನೆಯದಾಗಿ, ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಿಜ, ಆದರೆ ಕಿವಿಯಲ್ಲಿ ಹೂ ಇಟ್ಟುಕೊಂಡು ತಿರುಗುವವನಲ್ಲ. ಕೋಣೆ ಎಷ್ಟು ದೊಡ್ಡದು, ಸೆಕೆ ಇದೆಯೇ, ಕಿಟಕಿ ಯಾವ ಕಡೆ. ಇವು ಕಂಪ್ಯೂಟರಿನ ಪ್ರಶ್ನೆಗಳೇ? ಇವು ವಕೀಲರ ಪ್ರಶ್ನೆಗಳು. ಮಗುವನ್ನು ಕತ್ತಲೆ ಕೋಣೆಯಲ್ಲಿ, ಸೆಕೆಯಲ್ಲಿ ಇಟ್ಟಿದ್ದಾರೆ ಎಂದು ನವೆಂಬರಿನಲ್ಲಿ ಓದಿಸಲಿಕ್ಕೆ ನನ್ನ ಕೈಯಿಂದಲೇ ಬರೆಸಿಕೊಳ್ಳುತ್ತೀರಿ.

ಸರಿ, ಬರೆಯುತ್ತೇನೆ, ವಕೀಲರಿಗೂ ತೋರಿಸಿ. ವರ್ಕ್‌ಶಾಪಿನ ಮೇಲಿನ ಕೋಣೆ ಪೂರ್ತಿ ಅವಳದೇ. ಮಂಚ, ಮೇಜು, ಪುಸ್ತಕದ ಕಪಾಟು ಮೂರೂ ನಾನೇ ಮಾಡಿದ್ದು, ತಗಡಿನವು, ಇನ್ನು ಮೂವತ್ತು ವರ್ಷ ಜಗ್ಗುವುದಿಲ್ಲ. ಮೂರು ಕಣ್ಣಿನ ಪ್ಲಗ್ಗು, ಅರ್ತ್ ಇದೆ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಬಲ್ಬು ಹಚ್ಚಿಸಿ ನೋಡಿದ್ದೇನೆ. ಸೆಕೆ ಎಲ್ಲರ ಮನೆಯಲ್ಲಿರುವಷ್ಟೇ ಇದೆ. ಕಿಟಕಿ ಯಾವ ಕಡೆಗಿದೆ ಎಂದು ಮಾತ್ರ ಹೇಳುವುದಿಲ್ಲ. ನಿಮಗೇಕೆ ಅದು?

ಇನ್ನೊಂದು. ಇದನ್ನೆಲ್ಲ ಇಡಲು ಕ್ಯಾಬಿನೆಟ್ ಎಂಬುದೊಂದು ಡಬ್ಬಿ ಬರುತ್ತದಂತೆ, ಗಾಜಿನ ಬಾಗಿಲು, ಒಳಗೆ ಬಣ್ಣದ ದೀಪ. ರಸ್ತೆ ತಿರುವಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸೋಡಾಬುಡ್ಡಿಯ ಅಂಗಡಿಯಲ್ಲಿ ಚೋಟು ತೋರಿಸಿದಳು. ಬೆರಳಿನಿಂದ ತಟ್ಟಿ ನೋಡಿದೆ. ಥೂ. ಅದು ತಗಡೂ ಅಲ್ಲ, ಕಾಗದವೂ ಅಲ್ಲ. ಜೀವಮಾನವಿಡೀ ಟ್ರಂಕು ಮಾಡಿದವನ ಮನೆಗೆ ನೀವು ಡಬ್ಬಿ ಕಳಿಸುತ್ತೀರಾ? ಬೇಡ. ಪೆಟ್ಟಿಗೆ ನಾನು ಮಾಡುತ್ತೇನೆ. ಒಳಗಿನದು ನಿಮ್ಮದಾದರೆ ಹೊರಗಿನದು ನನ್ನದು. ಇಡೀ ಯಂತ್ರ ಅಪ್ಪ ಕೊಟ್ಟದ್ದು ಎಂದು ಯಾರೂ ಹೇಳುವ ಹಾಗಿಲ್ಲ.

ನನ್ನ ಮಗಳಿಗೂ ಈ ಕಾಗದ ಓದಿ ಹೇಳಿದೆ. ಲ್ಯಾಬಿನ ಡ್ಯೂಟಿಗೆ ಹೊರಟು ನಿಂತಿದ್ದಳು. "ಅಪ್ಪಾ, ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡಿ, ನಾನು ಹೊರಗೆ ಬಂದಾಯ್ತು" ಎಂದು ಚಪ್ಪಲಿ ಹಾಕಿಕೊಂಡು ಹೋದಳು.

ಮಗುವಿನ ತಾಯಿಯ ತಂದೆ


ಜುಲೈ 6

ಹಿರಿಯರಿಗೆ ನಮಸ್ಕಾರ.

ಪೆಟ್ಟಿಗೆ ನೀವು ಮಾಡುತ್ತೀರಿ ಎಂದು ಓದಿ ಸಂತೋಷವಾಯಿತು. ಈ ಮಾತಿನಲ್ಲಿ ಏನೂ ಅಡಗಿಲ್ಲ, ಹುಡುಕಬೇಡಿ.

ಇದರ ಜೊತೆ ಪ್ರೊಸೆಸರ್ ಮತ್ತು ಮೆಮೊರಿ ಇವೆ. ಎರಡೂ ಆ ಬೋರ್ಡಿಗೆ ಹೊಂದುವಂಥವೇ. ಪೆಟ್ಟಿಗೆಯ ಬಗ್ಗೆ ಮೂರು ಮಾತು. ಬೋರ್ಡು ತಗಡಿಗೆ ನೇರವಾಗಿ ತಾಗಬಾರದು, ತಾಗಿದರೆ ಸುಟ್ಟುಹೋಗುತ್ತದೆ. ಕೆಳಗೆ ಕೊಡಲು ಹಿತ್ತಾಳೆಯ ಪುಟ್ಟ ಕಾಲುಗಳನ್ನು ಪೊಟ್ಟಣದಲ್ಲಿ ಹಾಕಿದ್ದೇನೆ. ಮುಂದೆ, ಹಿಂದೆ ಗಾಳಿಗೆ ತೂತುಗಳು ಬೇಕು, ಅಲ್ಲಿ ಕೂರಿಸಲು ಎರಡು ಫ್ಯಾನನ್ನೂ ಇಟ್ಟಿದ್ದೇನೆ. ಮುಂದಿನಿಂದ ತಂಪು ಗಾಳಿ ಬಂದು ಹಿಂದಿನಿಂದ ಬಿಸಿ ಗಾಳಿ ಹೋಗಬೇಕು, ಮಧ್ಯೆ ಒಂದಿಷ್ಟು ಖಾಲಿ ಜಾಗವೂ ಇರಬೇಕು. ಮೂರನೆಯದು, ಗ್ರಾಫಿಕ್ಸ್ ಕಾರ್ಡು ಇನ್ನೂ ಕೊಂಡಿಲ್ಲ. ಉದ್ದ ಹೆಚ್ಚಾದರೆ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಪೆಟ್ಟಿಗೆಯ ಒಳಗಿನ ಉದ್ದ ಎಷ್ಟು ಎಂದು ದಯವಿಟ್ಟು ಬರೆಯಿರಿ.


ಜುಲೈ 14

ಮಗುವಿನ ತಂದೆಯವರಿಗೆ,

ಉದ್ದ ಹದಿಮೂರು ಇಂಚು.

ತೂತು ಕೊರೆದೆ. ಧೂಳು ಹೋಗಬಾರದು, ಜಿರಲೆ ಹೋಗಬಾರದು, ನೀರು ಹನಿ ಇಳಿಯಬಾರದು ಎಂದು ನಲವತ್ತು ವರ್ಷ ಪೆಟ್ಟಿಗೆ ಮಾಡಿದವನ ಕೈಯಲ್ಲಿ ಜರಡಿ ಮಾಡಿಸಿದಿರಿ. ಚೋಟು ಪಕ್ಕದಲ್ಲಿ ನಿಂತು, "ಇನ್ನೂ ಬೇಕು ಅಜ್ಜ, ಅದಕ್ಕೆ ಉಸಿರು ಕಟ್ಟುತ್ತೆ" ಎನ್ನುತ್ತಿದ್ದಳು. ನನಗೆ ಕಟ್ಟಿದ್ದನ್ನು ಯಾರೂ ಕೇಳಲಿಲ್ಲ.

ಈಗ ಹೇಳಿ, ಅವಳಿಗೆಂದು ಇಟ್ಟ ಚೀಟಿಯಲ್ಲಿ ಏನದು? ಪ್ರೀತಿಯ ಮಾತು ಎರಡೇ ಸಾಲು, ಆಮೇಲೆ ಬರೀ ಅಕ್ಷರ, ಅಂಕಿ, ಅಕ್ಷರ, ಅಂಕಿ. ಅವಳು ಅದನ್ನು ಓದಿ ನಗುತ್ತಾಳೆ. ಅಂಕಿ ಓದಿ ಯಾರಾದರೂ ನಗುತ್ತಾರೆಯೇ? ಚೀಟಿ ಹಿಡಿದುಕೊಂಡು ಸೋಡಾಬುಡ್ಡಿಯ ಹತ್ತಿರ ಹೋದೆ. ಇದರಲ್ಲಿ ತಾರೀಖು, ರೈಲಿನ ನಂಬರು ಏನಾದರೂ ಅಡಗಿದೆಯೇ ನೋಡು ಎಂದೆ. ಅವನು ಕನ್ನಡಕ ಮೇಲೇರಿಸಿ, "ಯಜಮಾನರೇ, ಇದು ಮೆಮೊರಿ ಜಾತಿ, ಇದು ಪೀಠದ ಹೆಸರು. ಎಲ್ಲಾ ಒಂದಕ್ಕೊಂದು ಸರಿಯಾಗಿದೆ. ಆರಿಸಿದೋರು ತಿಳಿದೋರು" ಎಂದ. ನಾನು ಕೇಳಿದ್ದು ಸರ್ಟಿಫಿಕೇಟ್ ಅಲ್ಲ. ಅವನನ್ನು ನೀವು ಮೊದಲೇ ಮಾತಾಡಿಸಿಟ್ಟಿಲ್ಲ ಎಂದುಕೊಳ್ಳುತ್ತೇನೆ.

ಪೆಟ್ಟಿಗೆಗೆ ಹಿಡಿಕೆ ಹಾಕಿಲ್ಲ. ಹಿಡಿಕೆ ಇಲ್ಲದ ಪೆಟ್ಟಿಗೆಯನ್ನು ನಾನು ಮಾಡಿದ್ದು ಇದೇ ಮೊದಲು. ಕೆಳಗಿನಿಂದ ನಾಲ್ಕು ಬೋಲ್ಟು ಕೊಟ್ಟು ಮೇಜಿಗೆ ಬಿಗಿದಿದ್ದೇನೆ. ಮೇಜನ್ನು ಗೋಡೆಗೆ ಬಿಗಿದಿದ್ದೇನೆ. ಯಂತ್ರ ಈ ಕೋಣೆಯಲ್ಲಿ ಹುಟ್ಟಿ ಈ ಕೋಣೆಯಲ್ಲೇ ಇರುತ್ತದೆ. ಯಾಕೆ ಎಂದು ನಿಮಗೆ ಅರ್ಥವಾಗುತ್ತದೆ.

ಮಗುವಿನ ತಾಯಿಯ ತಂದೆ


ಜುಲೈ 30

ಹಿರಿಯರಿಗೆ ನಮಸ್ಕಾರ.

ಗ್ರಾಫಿಕ್ಸ್ ಕಾರ್ಡು ಮತ್ತು ಕರೆಂಟಿನ ಡಬ್ಬಿ ಕಳಿಸಿದ್ದೇನೆ. ನೀವು ಬರೆದ ಅಳತೆಯನ್ನು ನೋಡಿಕೊಂಡೇ ಆರಿಸಿದ್ದೇನೆ. ಸಲೀಸಾಗಿ ಕೂರುತ್ತದೆ. ಪರದೆ, ಕೀಲಿಮಣೆ, ಕಿವಿಗೆ ಹಾಕುವ ಹೆಡ್‌ಫೋನು ಬೇರೆ ಡಬ್ಬಿಯಲ್ಲಿವೆ. ಇನ್ನು ಕಳಿಸುವುದು ಏನೂ ಉಳಿದಿಲ್ಲ.


ಆಗಸ್ಟ್ 9

ನೋಡಿ,

ಸಲೀಸಾಗಿ ಕೂತಿತು. ಎಷ್ಟು ಸಲೀಸಾಗಿ ಎಂದರೆ ಕಾರ್ಡಿನ ತುದಿಗೂ ಮುಂದಿನ ಫ್ಯಾನಿಗೂ ಮಧ್ಯೆ ನನ್ನ ನಾಲ್ಕು ಬೆರಳು ಹೋಗುತ್ತವೆ. ಸೋಡಾಬುಡ್ಡಿ ಬಂದು ನೋಡಿ, "ಇಷ್ಟು ಜಾಗ ಇಟ್ಕೊಂಡು ಇಷ್ಟು ಗಿಡ್ಡ ಕಾರ್ಡ್ ಯಾಕೆ ತರಿಸಿದ್ರಿ ಯಜಮಾನರೇ? ಇದರ ಅಣ್ಣನೇ ಕೂರ್ತಿತ್ತಲ್ಲ" ಎಂದ. ಚೋಟುವಿಗೆ ಇಷ್ಟವಾದ ಆಟಕ್ಕೆ ಆ ಅಣ್ಣನೇ ಬೇಕಂತೆ. ಇದರಲ್ಲಿ ಆಡಿದರೆ ಚಿತ್ರ ಆಗಾಗ ತಡವರಿಸುತ್ತದಂತೆ. ಅವಳನ್ನು ಕೇಳಿದರೆ, "ಸಾಕು ಬಿಡಜ್ಜ, ಚೆನ್ನಾಗಿದೆ" ಎನ್ನುತ್ತಾಳೆ. ನಿಮ್ಮ ವಿಷಯದಲ್ಲಿ ಅವಳು ಯಾವಾಗಲೂ ಸಾಕು ಎಂದೇ ಹೇಳಿದ್ದಾಳೆ.

ಹದಿಮೂರು ಇಂಚು ಎಂದು ಕಾಗದದ ಮೊದಲ ಸಾಲಿನಲ್ಲೇ ಬರೆದಿದ್ದೆ. ಕಾಣಲಿಲ್ಲವೇ? ಕಂಡಿತು. ಕಂಡೂ ನೀನು ಗಿಡ್ಡದನ್ನು ತೆಗೆದುಕೊಂಡೆ. ನನ್ನ ಪೆಟ್ಟಿಗೆ ದೊಡ್ಡದಾಯಿತು, ನಿನ್ನ ಮನಸ್ಸು ಚಿಕ್ಕದಾಯಿತು. ಆಸೆ ತೋರಿಸುವಾಗ ಇಡೀ ಕಂಪ್ಯೂಟರು, ಕೊಡುವಾಗ ನಾಲ್ಕು ಬೆರಳು ಕಡಿಮೆ. ಮದುವೆಯಲ್ಲೂ ನೀನು ಮಾಡಿದ್ದು ಅದನ್ನೇ.

ಹೌದು, ನೀನು ಎಂದೇ ಬರೆದಿದ್ದೇನೆ. ಮರ್ಯಾದೆ ಕೊಟ್ಟು ಬೈಯಲು ನನಗೆ ಬರುವುದಿಲ್ಲ.


ಆಗಸ್ಟ್ 17

ಉತ್ತರವಿಲ್ಲ. ಇರಲಿ. ನಾನು ಬೇರೆ ವಿಷಯಕ್ಕೆ ಬರೆಯುತ್ತಿದ್ದೇನೆ.

ಮೊನ್ನೆ ಸಂಜೆ ಮೆಟ್ಟಿಲ ಮೇಲೆ ಕುಳಿತು ಬೀಗದ ಕೊಂಡಿಗೆ ಅರ ಉಜ್ಜುತ್ತಿದ್ದೆ. ಮೇಲೆ ಕೋಣೆಯಲ್ಲಿ ಚೋಟು ಕಿವಿಗೆ ಆ ದೊಡ್ಡ ಬುಟ್ಟಿ ಹಾಕಿಕೊಂಡು ಆಡುತ್ತಿದ್ದಳು. ಯಾರೊಂದಿಗೋ ಮಾತು.

"ಎಡಕ್ಕೆ ತಗೊಳ್ಳಿ. ಎಡಕ್ಕೆ! ಅಯ್ಯೋ ಅದು ಬಲ. ಬಿದ್ರಾ ಹಳ್ಳಕ್ಕೆ? ಇಡೀ ಲಾರಿ? ನಿಮಗೆ ಲೈಸೆನ್ಸ್ ಕೊಟ್ಟೋರು ಯಾರು?"

ಆಟ ಮುಗಿದ ಮೇಲೆ ಯಾರದು ಎಂದೆ. "ನನ್ನ ಜೊತೆ ಆಡೋರು" ಎಂದಳು. ಯಾವ ಊರಿನವರು ಎಂದೆ. "ಆಟದಲ್ಲಿ ಊರು ಇರಲ್ಲ ಅಜ್ಜ" ಎಂದು ಕೆಳಗಿಳಿದು ಹೋದಳು. ಗೆಳತಿಯರನ್ನು ಅವಳು ಬಹುವಚನದಲ್ಲಿ ಕರೆಯುವುದಿಲ್ಲ. ತಗೊಳ್ಳಿ, ಬಿದ್ರಾ ಎಂದು ಹಿರಿಯರಿಗೆ ಹೇಳುತ್ತಾರೆ.

ಒಂದೇ ಪ್ರಶ್ನೆ. ಆ ಲಾರಿ ಓಡಿಸುತ್ತಿದ್ದವನು ನೀನೇ?


ಆಗಸ್ಟ್ 24

ಮಾವನವರಿಗೆ ನಮಸ್ಕಾರ.

ಹೀಗೆ ಬರೆಯಬೇಡಿ ಎಂದಿದ್ದೀರಿ, ಆದರೂ ಈ ಕಾಗದವನ್ನು ಹಾಗೆ ಶುರು ಮಾಡದೆ ಮುಂದೆ ಹೋಗಲು ಆಗಲಿಲ್ಲ.

ಹೌದು, ನಾನೇ. ಆಟದೊಳಗಿನ ನನ್ನ ಹಳೆಯ ಹೆಸರು ಅವಳಿಗೆ ಚಿಕ್ಕಂದಿನಿಂದಲೇ ತಿಳಿದಿತ್ತು. ಅವಳೇ ಕರೆದಳು. ಹೋಗಬಾರದಿತ್ತು, ಹೋದೆ. ಎರಡು ಸಂಜೆ. ಕೋರ್ಟಿನ ಮಾತು ಒಂದಕ್ಷರ ಆಡಿಲ್ಲ. ಬೆಟ್ಟದ ದಾರಿಯಲ್ಲಿ ಮರದ ದಿಮ್ಮಿ ಸಾಗಿಸುವ ಆಟ. ಅವಳು ದಾರಿ ತೋರಿಸುತ್ತಾಳೆ, ನಾನು ಲಾರಿ ಬೀಳಿಸುತ್ತೇನೆ. ನಿಮಗೆ ಕೊಟ್ಟ ಮಾತು ಮುರಿದಿದ್ದೇನೆ. ಅದಕ್ಕೆ ನೀವು ಏನು ಬೈದರೂ ಕೇಳುತ್ತೇನೆ.

ಕಾರ್ಡಿನ ವಿಷಯಕ್ಕೆ ಮಾತ್ರ ಬೈಸಿಕೊಳ್ಳಲಾರೆ. ಒಳಗಿನ ಉದ್ದ ಕೇಳಿದೆ, ನೀವು ಹದಿಮೂರು ಎಂದು ಬರೆದಿರಿ. ಹೊಸದಾಗಿ ಮದುವೆಯಾದಾಗ ನಮಗೊಂದು ಪೆಟ್ಟಿಗೆ ಮಾಡಿಕೊಟ್ಟಿರಿ, ನೆನಪಿದೆಯೇ? ನೀವು ಹೇಳಿದ ಅಳತೆಗೆ ಸರಿಯಾಗಿ ನಾನು ಹಾಸಿಗೆ ಹೊಲಿಸಿಕೊಂಡು ಬಂದೆ. ಇಳಿಯಲಿಲ್ಲ. ಇಬ್ಬರೂ ಹತ್ತಿ ಕೂತು ಮುಚ್ಚಳ ಒತ್ತಿದೆವು. ನೀವು ಬಾಗಿಲಲ್ಲಿ ನಿಂತು, "ಪೆಟ್ಟಿಗೆಯೋನು ಹೇಳೋದು ಹೊರಗಿನ ಅಳತೆ ಕಣಯ್ಯಾ. ಪೆಟ್ಟಿಗೆ ಮಂಚದ ಕೆಳಗೆ ಹೋಗಬೇಕೋ ಬೇಡವೋ? ಒಳಗೆ ಏನು ಹಿಡಿಸುತ್ತೆ ಅನ್ನೋದು ನಿಮ್ಮ ಹಣೆಬರಹ" ಎಂದು ನಕ್ಕಿರಿ. ಅವತ್ತಿನಿಂದ ನೀವು ಯಾವ ಅಳತೆ ಹೇಳಿದರೂ ನಾನು ಎರಡೂ ಕಡೆಯ ಮಡಿಕೆ, ಒಳಪಟ್ಟಿ ಕಳೆದೇ ಲೆಕ್ಕ ಹಾಕಿದ್ದೇನೆ. ಯಾರು ಏನೇ ಕೇಳಲಿ, ನೀವು ಹೇಳುವುದು ಹೊರಗಿನದು ಎಂದು ನನಗೆ ಗೊತ್ತು. ಈ ಸಲವೂ ಕಳೆದೆ, ಫ್ಯಾನಿನ ದಪ್ಪವನ್ನೂ ಕಳೆದೆ. ಉಳಿದಷ್ಟಕ್ಕೆ ಕೂರುವ ಕಾರ್ಡು ತಂದೆ. ಇದಕ್ಕಿಂತ ಉದ್ದದ್ದು ತಂದು, ಅದು ಕೂರದೆ, ನಿಮ್ಮ ಪೆಟ್ಟಿಗೆ ಅವಳ ಕಣ್ಣಿನಲ್ಲಿ ಚಿಕ್ಕದಾಗುವುದು ನನಗೆ ಬೇಡವಾಗಿತ್ತು. ನಾಲ್ಕು ಬೆರಳು ಹೇಗೆ ಉಳಿಯಿತೋ ನನಗೆ ತಿಳಿಯುತ್ತಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಜೂನಿನಲ್ಲಿ ಕೇಳಿದ ಪ್ರಶ್ನೆಗಳಲ್ಲಿ ನಾಲ್ಕು ಕಂಪ್ಯೂಟರಿಗಾಗಿಯೇ. ಕಿಟಕಿ ಯಾವ ಕಡೆಗಿದೆ ಎಂಬುದು ಅಲ್ಲ. ಅವಳು ಬೆಳಿಗ್ಗೆ ಎದ್ದಾಗ ಏನು ನೋಡುತ್ತಾಳೆ ಎಂದು ತಿಳಿದುಕೊಳ್ಳುವ ಆಸೆಯಿತ್ತು.


ಸೆಪ್ಟೆಂಬರ್ 1

ಕಾಗದ ತಲುಪಿತು. ಯಂತ್ರದ ಪೆಟ್ಟಿಗೆಗೆ ಚಿಲಕ ಬಡಿದು ಬೀಗ ಹಾಕಿದ್ದೇನೆ. ಕರೆಂಟಿನ ವೈರು ನನ್ನ ಕಪಾಟಿನಲ್ಲಿದೆ. ಇನ್ನು ಬರೆಯಬೇಡ.


ಅಕ್ಟೋಬರ್ 5

ಹಿರಿಯರಿಗೆ ನಮಸ್ಕಾರ.

ಒಂದೇ ವಿಷಯ ತಿಳಿಸಲು ಬರೆಯುತ್ತಿದ್ದೇನೆ. ನವೆಂಬರಿನಲ್ಲಿ ನಾನು ಕೋರ್ಟಿಗೆ ಬರುವುದಿಲ್ಲ. ನನ್ನ ಮುಖ ನೋಡಿಕೊಂಡು ಅವಳು ಏನನ್ನೂ ಹೇಳುವುದು ಬೇಡ. ವಕೀಲರನ್ನೂ ಕಳಿಸುವುದಿಲ್ಲ. ಅವಳು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಬರೆದು ಕಳಿಸಿದ್ದೇನೆ.

ಬೀಗ ಹಾಗೇ ಇರಲಿ. ತೂತುಗಳ ಧೂಳನ್ನು ಮಾತ್ರ ಆಗಾಗ ಒರೆಸಿ.


ನವೆಂಬರ್ 19

ನಿನಗೆ,

ಬರುವುದಿಲ್ಲ ಎಂದು ಬರೆದಿದ್ದೆ. ನಾನು ನಂಬಿರಲಿಲ್ಲ. ಕೋರ್ಟಿನ ಬಾಗಿಲ ಪಕ್ಕದಲ್ಲೇ ಕುಳಿತು ಮೆಟ್ಟಿಲು ಹತ್ತಿ ಬರುವವರ ಮುಖವನ್ನೆಲ್ಲ ನೋಡಿದೆ. ಎಲ್ಲೋ ಕಂಬದ ಹಿಂದೆ ನಿಂತಿರುತ್ತೀ ಎಂದು ಎದ್ದು ಒಂದು ಸುತ್ತು ಹಾಕಿ ಬಂದೆ. ನಿನ್ನಂತೆ ಕಂಡ ಒಬ್ಬನ ಭುಜ ಹಿಡಿದು ತಿರುಗಿಸಿದೆ. ಯಾರೋ ಗುಮಾಸ್ತ. ಬೈದ.

ಚೋಟು ಒಬ್ಬಳೇ ಒಳಗೆ ಹೋದಳು. ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ನನ್ನ ಮಗಳು. ಹೊರಗೆ ಬಂದವಳೇ "ಹಸಿವು" ಎಂದಳು. ಎದುರಿನ ಕ್ಯಾಂಟೀನಿನಲ್ಲಿ ಬನ್ನು, ಚಹಾ ಹೇಳಿದೆ. ಬನ್ನು ಅರ್ಧ ತಿಂದ ಮೇಲೆ ಬಾಯಿ ಬಿಟ್ಟಳು.

"ಅಜ್ಜ, ಕೋಪ ಮಾಡ್ಕೋಬೇಡ."

"ಮಾಡ್ಕೊಂಡಾಯ್ತು. ಹೇಳು."

"ಪರೀಕ್ಷೆ ಮುಗಿದ ಮೇಲೆ ಎರಡು ವರ್ಷ ಅಪ್ಪನ ಹತ್ರ ಇರ್ತೀನಿ ಅಂದೆ. ಅಲ್ಲೇ ಓದ್ತೀನಿ. ಆಮೇಲೆ ಬರ್ತೀನಿ."

"ಕಂಪ್ಯೂಟರ್ ಕೊಟ್ಟ ಅಂತಾನಾ?"

ಅವಳು ನನ್ನನ್ನು ನೋಡಿದಳು. ಮಡಿಕೆ ಸೊಟ್ಟ ಹೋದ ತಗಡನ್ನು ನಾನು ನೋಡುತ್ತೇನಲ್ಲ, ಹಾಗೆ.

"ಅದಕ್ಕೆ ನೀನು ಬೀಗ ಹಾಕಿ ಎಷ್ಟು ದಿನ ಆಯ್ತು ಅಜ್ಜ? ನಾನೊಂದು ಸಲನಾದ್ರೂ ಕೀ ಕೇಳಿದ್ನಾ? ನೀನು ಯಾವಾಗ ಸಿಡುಕ್ತೀಯ, ಅಮ್ಮ ಯಾವಾಗ ಸುಮ್ಮನಾಗ್ತಾಳೆ, ನನಗೆಲ್ಲ ಗೊತ್ತು. ಅಪ್ಪ ಹೇಗಿರ್ತಾರೆ ಅಂತ ಮಾತ್ರ ಗೊತ್ತಿಲ್ಲ. ಲಾರಿ ಓಡಿಸೋಕೆ ಬರಲ್ಲ ಅನ್ನೋದಷ್ಟೇ ಗೊತ್ತು."

ನನ್ನ ಮಗಳು ಅವಳ ಬೆನ್ನ ಮೇಲೆ ಕೈ ಇಟ್ಟಳು. ಅವಳಿಗೆ ಮೊದಲೇ ತಿಳಿದಿತ್ತು ಎಂದು ಕಾಣುತ್ತದೆ. ಇಷ್ಟು ದಿನ ಕಾವಲು ಕುಳಿತವನಿಗೆ ಮಾತ್ರ ಗೊತ್ತಿರಲಿಲ್ಲ. ನಾನು ಇಬ್ಬರಿಗೂ ಜೋರು ಮಾಡಿದೆ. ಕ್ಯಾಂಟೀನಿನವನು ಬಂದು, "ಯಜಮಾನರೇ, ಮೆಲ್ಲಗೆ" ಎಂದ. ಅವನಿಗೂ ಜೋರು ಮಾಡಿದೆ. ಚಹಾ ಆರಿಹೋಯಿತು.

ಈಗ ನಿನ್ನ ನಾಲ್ಕು ಬೆರಳಿನ ವಿಷಯ. ನೀನು ಅಳತೆ ಕೇಳಿದ ಕಾಗದವನ್ನು ಚೋಟುವಿಗೆ ಓದಿ ಹೇಳಿ, ಪೆಟ್ಟಿಗೆಗೆ ಟೇಪು ಹಿಡಿದೆ. ಹೊರಗೇ ಹಿಡಿದಿದ್ದೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಅವಳು ನನ್ನ ಮಣಿಕಟ್ಟು ಹಿಡಿದು, "ಅಜ್ಜ, ಅಪ್ಪ ಕೇಳಿದ್ದು ಒಳಗಿಂದು. ಈ ಸಲ ಒಂದೇ ಒಂದು ಸಲ ಒಳಗಿಂದು ಹೇಳು" ಎಂದಳು. ಟೇಪನ್ನು ಒಳಗೆ ಇಳಿಸಿದೆ. ಮಡಿಕೆ ಕಳೆದು, ಒಳಪಟ್ಟಿ ಕಳೆದು, ಫ್ಯಾನಿನ ದಪ್ಪವನ್ನೂ ಕಳೆದು ಹದಿಮೂರು. ನನ್ನ ಜೀವಮಾನದಲ್ಲಿ ನಾನು ಹೇಳಿದ ಒಂದೇ ಒಂದು ಒಳಗಿನ ಅಳತೆ ಅದು. ನೀನು ಅದರಲ್ಲಿ ಇನ್ನೊಮ್ಮೆ ಕಳೆದೆ. ನಿನ್ನ ಕಾಗದ ಬಂದ ದಿನವೇ ನನಗೆ ಇದು ತಿಳಿದಿತ್ತು. ಬರೆಯಲಿಲ್ಲ. ಬೀಗ ಹಾಕುವುದು ಸುಲಭವಾಗಿತ್ತು.

ಕಾರ್ಡು ಬದಲಿಸಬೇಡ. ಅವಳು ಇದೇ ಇರಲಿ ಎನ್ನುತ್ತಾಳೆ. ಗಾಳಿಗೆ ಖಾಲಿ ಜಾಗ ಬೇಕು ಎಂದು ನೀನೇ ಬರೆದಿದ್ದೀ.

ಇನ್ನೊಂದು. ಆ ಸಂಜೆ ಮೆಟ್ಟಿಲ ಮೇಲೆ ಕುಳಿತು ಅವಳ ಮಾತು ಕೇಳಿದೆ ಎಂದು ಬರೆದೆನಲ್ಲ, ನಗು ಕೇಳಿದ್ದನ್ನು ಬರೆದಿರಲಿಲ್ಲ. ಲಾರಿ ಹಳ್ಳಕ್ಕೆ ಬಿದ್ದಾಗ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದ ಹಾಗೆ. ಈ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಅರ ಕೈಯಲ್ಲೇ ಇತ್ತು, ಉಜ್ಜುವುದು ನಿಂತುಹೋಗಿತ್ತು. ನನಗೆ ಕೋಪ ಬಂದದ್ದು ನೀನು ಮಾತು ಮುರಿದದ್ದಕ್ಕೆ ಎಂದುಕೊಂಡಿದ್ದೆ.

ನಿನ್ನೆ ಬೀಗ ತೆಗೆದೆ. ಚೋಟು ಒಳಗಿನದನ್ನೆಲ್ಲ ಒಂದೊಂದಾಗಿ ಬಿಚ್ಚಿ ಮಂಚದ ಮೇಲೆ ಸಾಲಾಗಿಟ್ಟಳು. ಲೋಹದ ಪುಡಿ ಒಂದು ಚೂರು ಬಿದ್ದರೂ ಸುಟ್ಟುಹೋಗುತ್ತದಂತೆ. ಪೆಟ್ಟಿಗೆ ಖಾಲಿಯಾದ ಮೇಲೆ ಕೆಳಗಿನ ನಾಲ್ಕು ಬೋಲ್ಟು ಬಿಚ್ಚಿದೆ. ಎರಡು ಪಕ್ಕಕ್ಕೂ ತೂತು ಹೊಡೆದು ಹಿಡಿಕೆ ಕೂರಿಸಿದೆ. ಹಿತ್ತಾಳೆಯವು, ಮಡಚಿದರೆ ತಗಡಿಗೆ ಅಂಟಿ ಮಲಗುವ ಜಾತಿ. ನಿಮ್ಮ ಹಾಸಿಗೆ ಹಿಡಿಸದ ಆ ಪೆಟ್ಟಿಗೆಗೆ ಹಾಕಿದ್ದು ಇದನ್ನೇ. ಹೊರಡಲು ಇನ್ನೂ ತಿಂಗಳುಗಳಿವೆ, ಆದರೆ ಕೆಲಸ ಇಟ್ಟುಕೊಂಡು ಕೂರುವವನು ನಾನಲ್ಲ. ಎಲ್ಲ ಮತ್ತೆ ಜೋಡಿಸಿದ ಮೇಲೆ ಎತ್ತಿ ನೋಡು ಎಂದೆ. ಎತ್ತಿದಳು. ಕೋಣೆಯ ಬಾಗಿಲವರೆಗೆ ಹೋಗಿ, ಒಂದು ಗಳಿಗೆ ನಿಂತು, ವಾಪಸು ತಂದು ಮೇಜಿನ ಮೇಲಿಟ್ಟಳು.

"ಭಾರ ಇದೆಯಾ?"

"ಹಿಡಿಕೆ ಚೆನ್ನಾಗಿದೆ ಅಜ್ಜ."

ಅವಳು ಬರುವಾಗ ಕಾರ್ಡನ್ನು ಬಿಚ್ಚಿ ಬೇರೆ ಕಟ್ಟಿ ಕಳಿಸುತ್ತೇನೆ. ರೈಲಿನಲ್ಲಿ ಕುಲುಕಿದರೆ ತನ್ನ ಭಾರಕ್ಕೇ ಮುರಿಯುತ್ತದೆ ಎಂದು ಸೋಡಾಬುಡ್ಡಿ ಹೇಳಿದ್ದಾನೆ. ಸ್ಟೇಷನ್ನಿಗೆ ಹೊತ್ತಿಗೆ ಸರಿಯಾಗಿ ಬರಬೇಕು. ಬಸ್ಸು ಕೆಟ್ಟಿತು ಎಂದರೆ ಕೇಳುವುದಿಲ್ಲ.

ಅವಳ ಕಿಟಕಿ ಪೂರ್ವಕ್ಕಿದೆ. ಎದುರಿಗೆ ನೀರಿನ ಟ್ಯಾಂಕು, ಅದರ ಮೇಲೆ ಕಾಗೆಗಳು. ಎದ್ದ ತಕ್ಷಣ ಅವಕ್ಕೆ ಬೈಯುತ್ತಾಳೆ.

ಅಲ್ಲಿ ಅವಳಿಗೆ ಯಾವ ಕೋಣೆ ಕೊಡುತ್ತೀ? ಪ್ಲಗ್ಗಿಗೆ ಅರ್ತ್ ಇದೆಯೇ, ಬಲ್ಬು ಹಚ್ಚಿ ನೋಡಿದ್ದೀಯಾ? ಕೋಣೆಯ ಉದ್ದ ಅಗಲ ಬರೆ, ಒಳಗಿನದು. ಕಿಟಕಿ ಯಾವ ಕಡೆಗಿದೆ?

ಮಾವ